ಮುಚ್ಚಳಕ್ಕೆ ಕಟ್ಟಿದ ನೂಲು

ನಮ್ಮ ಮನೆಯ ಪಡಸಾಲೆಯಲ್ಲಿ ಸಮುದ್ರವಿದೆ. ಸುಳ್ಳಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಸದ್ದು ಕೇಳುವ ಮನೆ, ಕಿಟಕಿ ತೆರೆದರೆ ಲಾರಿಗಳು ಕಾಣುತ್ತವೆ. ಒಳಗೆ ಮಾತ್ರ ದೊಡ್ಡ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಜೋಡಿ ಮೀನು, ಕಲ್ಲಿನ ಮೇಲೆ ಅಂಗಿಯ ಗುಂಡಿಗಳಂತೆ ಅರಳುವ ಹವಳ. ನಾನು ಖರೇ ಸಮುದ್ರ ನೋಡಿದ್ದು ಗೋಕರ್ಣಕ್ಕೆ ಹೋದಾಗ ಒಮ್ಮೆ ಮಾತ್ರ, ಅದೂ ಸೀರೆ ತೊಯ್ದೀತೆಂದು ದೂರ ನಿಂತು. ಇಲ್ಲಿ ಅದನ್ನು ನನ್ನ ಮೊಮ್ಮಗಳು ಬಕೆಟ್‌ನಲ್ಲಿ ತಯಾರಿಸುತ್ತಾಳೆ. ಶುದ್ಧ ಮಾಡಿದ ನೀರು ತುಂಬಿ, ಅಂಗಡಿಯಿಂದ ತಂದ ಸಮುದ್ರದ ಉಪ್ಪು ಸುರಿದು, ಸಣ್ಣ ಪಂಪು ಬಿಟ್ಟು ಕಲಕುತ್ತಾಳೆ. ಸಮುದ್ರ ಮಾಡುವ ಹುಡುಗಿ ಮತ್ತೆ ಯಾರ ಮನೆಯಲ್ಲಿದ್ದಾಳೆ ಹೇಳಿರಿ? ನಾನು ಧಾರವಾಡದ ಹತ್ತಿರದ ಗರಗದಲ್ಲಿ ಸಣ್ಣವಳಿದ್ದಾಗಲೇ ಸಾಲಿ ಬಿಟ್ಟು ಚರಕದ ಮುಂದೆ ಕೂತವಳು. ನನ್ನಂಥವಳ ಮೊಮ್ಮಗಳು ಇವಳು ಅಂದುಕೊಂಡರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಹತ್ತನೆಯ ತರಗತಿ ಪಾಸಾದಾಗ ಅವಳು ಮೊಬೈಲು ಬೇಡವೆಂದು ಕೇಳಿ ಪಡೆದದ್ದು ಈ ತೊಟ್ಟಿ. ಅಂಗಡಿಯಿಂದ ಬಂದ ದಿನ ಅದರ ಜೊತೆಗೊಂದು ಡಬ್ಬಿ ಬಂತು. ನನ್ನ ಯಜಮಾನರು ಅದನ್ನು ಕೈಯಲ್ಲಿ ಹಿಡಿದು, ಮೂಸಿ, ಮುಖ ಹಿಂದಕ್ಕೆ ತೆಗೆದರು.

"ಏನಿದು?"

"ಮೀನಿನ ಊಟ ಅಜ್ಜಾ. ಸಿಗಡಿ, ಮೀನಿನ ಪುಡಿ."

"ಮೀನಿಗೆ ಮೀನ?"

ಅಷ್ಟೇ ಕೇಳಿದರು. ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ತತ್ತಿಯೂ ಒಳಗೆ ಬಾರದ ಮನೆ ನಮ್ಮದು. ಡಬ್ಬಿ ಹೊರಗೆ ಚಪ್ಪಲಿ ಬಿಡುವಲ್ಲಿ, ಮೇಲಿನ ಹಲಗೆಗೆ ಹೋಯಿತು. ಆ ಮಾತು ಅಲ್ಲಿಗೆ ಮುಗಿಯಿತೆಂದು ತಿಳಿದೆವು.

ಮಳೆಗಾಲ ಹಿಡಿಯುವ ಹೊತ್ತಿಗೆ ಸಮುದ್ರ ಕೆಡತೊಡಗಿತು. ಮೊದಲು ಗಾಜಿನ ಮೇಲೆ ಕಂದು ಧೂಳು. ಆಮೇಲೆ ಕಲ್ಲಿನ ಮೇಲೆ ಹಸಿರು ಪಾಚಿ, ಬಾಚದ ತಲೆಗೂದಲಿನ ಹಾಗೆ ನೀರಿನಲ್ಲಿ ತೂಗಾಡುತ್ತ. ಅದು ಬೆಳೆದು ಹವಳದ ಗುಂಡಿಗಳನ್ನು ಮುಚ್ಚಿತು. ಅವು ಅರಳುವುದನ್ನು ಬಿಟ್ಟವು.

"ಪಾಚಿ ಸುಮ್ನ ಬರೂದಿಲ್ಲ ಅಜ್ಜಿ," ಎಂದು ಮೊಮ್ಮಗಳು ತಿಳಿಸಿ ಹೇಳಿದಳು. "ಅದಕ್ಕೂ ಊಟ ಬೇಕು. ನೀರಾಗ ನೈಟ್ರೇಟು, ಫಾಸ್ಫೇಟು ಹೆಚ್ಚಾದ್ರ ಅದ ಅದರ ಊಟ. ಮೀನು ತಿನ್ನದ ಬಿಟ್ಟಿದ್ದು ಕೊಳೀತೈತಲ್ಲ, ಅಲ್ಲಿಂದ ಬರ್ತಾವ ಅವು."

ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧ ಬಿಟ್ಟು ತೋರಿಸಿದಳು. ನೀರು ಚೊಕ್ಕವಿದ್ದರೆ ಬಣ್ಣ ಬರಬಾರದಂತೆ. ನಾವು ನೋಡನೋಡುತ್ತಿದ್ದಂತೆ ಕುಂಕುಮ ಕಲಸಿದಂತಾಯಿತು.

ನನ್ನ ಸೊಸೆ, ಹುಡುಗಿಯ ಅವ್ವ, ಸಾಲಿಯಲ್ಲಿ ಟೀಚರು. ಮಾತು ಕಡಿಮೆ, ಆಡಿದರೆ ಆಡಿದಂತೆ. ಅವಳು ಒಂದು ಮುಂಜಾನೆ ಬ್ಯಾಗು ಹೆಗಲಿಗೇರಿಸುತ್ತ ಅಂದಳು: "ಪಂಚಮಿಗೆ ನಮ್ಮ ನಾದಿನೇರು ಬರ್ತಾರ. ಪಡಸಾಲ್ಯಾಗ ಈ ಹಸರ ಗಟಾರ ಇಟಗೊಂಡು ಅವರನ್ನ ಎಲ್ಲಿ ಕುಂಡ್ರಸಲಿ? ಅಷ್ಟೊತ್ತಿಗೆ ತಿಳಿ ಆಗಲಿಲ್ಲಂದ್ರ ಅಂಗಡಿಗೆ ವಾಪಸ್ ಹೋಗ್ತದ. ಈಗ ಹೇಳೇನಿ."

ಹುಡುಗಿ ಜಗಳಾಡಲಿಲ್ಲ. ದೀಪ ಉರಿಯುವ ಹೊತ್ತು ಕಡಿಮೆ ಮಾಡಿದಳು, ಊಟ ಒಂದೇ ಚಿಟಿಕೆಗೆ ಇಳಿಸಿದಳು. ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಸುತ್ತಿ ಕಿತ್ತಳು. ರವಿವಾರಕ್ಕೊಮ್ಮೆ ಒಂದಿಷ್ಟು ಹಳೆಯ ನೀರು ತೆಗೆದು ಹೊಸ ಸಮುದ್ರ ಹಾಕಿದಳು. ತೊಟ್ಟಿಯ ಹೊಲಸನ್ನು ನೊರೆ ಎಬ್ಬಿಸಿ ಹೊರಗೆ ತೆಗೆಯುವ ಯಂತ್ರವೊಂದಿದೆ. ಅದರ ಬಟ್ಟಲಲ್ಲಿ ಕಡಕ್ ಚಹಾದಂಥದ್ದು ತುಂಬುತ್ತಿತ್ತು, ಅದನ್ನು ದಿನಾ ಚೆಲ್ಲಿ ತೊಳೆದಳು. ಪಾಚಿ ಇಳಿದಂತೆ ಮಾಡುವುದು, ಮತ್ತೆ ಏಳುವುದು.

"ನಾ ಒಂದ ಚಿಟಿಕಿ ಹಾಕ್ತೇನಿ ಅಜ್ಜಿ. ಅಷ್ಟಕ್ಕ ಇಷ್ಟ ಬರಾಕ ಸಾಧ್ಯ ಇಲ್ಲ. ಯಾರೋ ಏನೋ ಹಾಕಾಕತ್ತಾರ."

ಹೇಳುವಾಗ ಅವಳ ಮೂಗು ಕೆಂಪಾಗಿತ್ತು. ಅಳು ನುಂಗಿದರೆ ಅವಳಿಗೆ ಮೂಗು ಕೆಂಪಾಗುತ್ತದೆ, ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ. ಆ ಕ್ಷಣದಿಂದ ನನಗೆ ಮನೆಯಲ್ಲಿ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ.

ಮೊದಲು ಅಂಗಡಿಯವನ ಉಪ್ಪಿನ ಮೇಲೆ ಸಂಶಯ ಬಂತು. ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪಿನ ಹಾಗೇ ಇತ್ತು. ಅಲ್ಲಿಗೆ ಅವನನ್ನು ಬಿಟ್ಟೆ. ಆಮೇಲೆ ಕಣ್ಣು ಸೊಸೆಯ ಮೇಲೆ ಹೋಯಿತು. ಸಮುದ್ರಕ್ಕೆ ಬೇಕಾದ ಶುದ್ಧ ನೀರು ಅಡುಗೆಮನೆಯ ಫಿಲ್ಟರಿನಿಂದಲೇ ಬರಬೇಕು. "ಎಲ್ಲಾ ಮೀನಿಗೆ ಕೊಟ್ರ ನಾವು ಏನ ಕುಡಿಯೂಣು?" ಎಂದು ಅವಳು ಗೊಣಗಿದ್ದು ನನ್ನ ಕಿವಿಯಲ್ಲಿತ್ತು. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ, ಬಂದಾಗ ಡ್ರಮ್ಮಿನಲ್ಲಿ ಹಿಡಿದಿಡುತ್ತೇವೆ. ಆ ಡ್ರಮ್ಮಿನ ನೀರನ್ನೇ ಇವಳು ಮೀನಿಗೆಂದು ಫಿಲ್ಟರ್ ನೀರು ತುಂಬಿಡುವ ಕ್ಯಾನಿಗೆ ಸುರಿಯುತ್ತಿದ್ದರೆ? ತೊಟ್ಟಿ ತೊಲಗಲಿ ಎನ್ನುವವಳಲ್ಲವೇ ಅವಳು? ಮೆಂತ್ಯ ಸೋಸುವ ನೆವದಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಅವಳು ಒಲೆಯ ಮುಂದಿನಿಂದ ತಿರುಗದೆಯೇ ಅಂದಳು:

"ಅತ್ತಿ, ಆ ಮೆಂತ್ಯ ನಿನ್ನೆನ ಸೋಸಿ ಇಟ್ಟೀರಿ."

"ಇನ್ನೊಮ್ಮೆ ನೋಡಿದ್ರ ತಪ್ಪೇನವಾ? ಹುಳಾ ಇರ್ತಾವ."

"ಹುಳಾ ಎಲ್ಲಿ ಅದಾವು ನನಗೂ ಗೊತ್ತಾಗೇತ್ರಿ."

ಯಜಮಾನರಿಗೆ ನನ್ನ ಸಂಶಯ ಹೇಳಿದೆ. ಅವರು ಪೇಪರಿನಿಂದ ಮುಖ ಎತ್ತಲಿಲ್ಲ.

"ಸೊಸಿ ಅಂಥಾಕಿ ಅಲ್ಲ ಬಿಡು. ಮಳಿಗಾಲ. ಎಲ್ಲಾ ಕಡೆ ಪಾಚಿ ಬರತೈತಿ. ಹಿತ್ತಲದಾಗ ಬಂದಿಲ್ಲೇನು?"

ಇವರೇಕೆ ಇಷ್ಟು ಲಗೂ ಅವಳ ಪಕ್ಷ ವಹಿಸಿದರು ಎಂದು ನನಗೆ ಸೊಸೆಯ ಮೇಲೆಯೇ ಇನ್ನಷ್ಟು ಅನುಮಾನ ಬಂತು. ನೀರಲ್ಲದಿದ್ದರೆ ತೊಟ್ಟಿಗೆ ಮತ್ತೇನನ್ನೋ ಹಾಕುತ್ತಿರಬೇಕು. ಹಾಕಬೇಕಾದರೆ ಮುಚ್ಚಳ ಎತ್ತಲೇಬೇಕು.

ನನ್ನ ಟ್ರಂಕಿನಲ್ಲಿ ಗರಗದ ಕಾಲದ ನೂಲಿನ ಲಡಿಯೊಂದಿದೆ. ನಾನೇ ತೆಗೆದ ನೂಲು, ಸಣ್ಣದು, ಬೆಳಕಿಗೆ ಹಿಡಿಯದಿದ್ದರೆ ಕಾಣದು. ಅದರಿಂದ ಒಂದು ಎಳೆ ಹರಿದು ತೊಟ್ಟಿಯ ಮುಚ್ಚಳದ ಹಿಡಿಕೆಗೆ ಕಟ್ಟಿ, ಇನ್ನೊಂದು ತುದಿಯನ್ನು ಕೆಳಗಿನ ಮೇಜಿನ ಮೊಳೆಗೆ ಬಿಗಿದೆ. ಮುಚ್ಚಳ ಎತ್ತಿದರೆ ಎಳೆ ಹರಿಯಬೇಕು. ಮೊಮ್ಮಗಳಿಗೆ ಮಾತ್ರ ಹೇಳಿ, ಅವಳು ಊಟ ಹಾಕುವಾಗ ನಾನೇ ಬಿಚ್ಚಿ ನಾನೇ ಕಟ್ಟಿದೆ. ಅವಳಿಗೆ ನಗು. ನಕ್ಕಿದ್ದು ನೋಡಿ ನನಗೆ ಜೀವ ಬಂತು.

ಮರುದಿನ ಮುಂಜಾನೆ ಸೊಸೆ ಸಾಲಿಗೆ ಹೋದ ಮೇಲೆ ಬಂದು ನೋಡಿದರೆ ಎಳೆ ಇದ್ದ ಹಾಗೇ ಇದೆ. ಹರಿದಿಲ್ಲ. ನಿರಾಸೆಯಾಯಿತೆಂದರೆ ತಪ್ಪಾಗಬಹುದು, ಆದರೆ ಆಯಿತು. ಸುಮ್ಮನೆ ಬಿಡಲಾರದೆ ಬೆರಳು ಮತ್ತು ಹೆಬ್ಬೆರಳ ನಡುವೆ ಎಳೆಯನ್ನು ಹಿಡಿದು ಮೇಲಿನಿಂದ ಕೆಳಗೆ ಜಾರಿಸಿದೆ. ನಡುವೆ ಸಾಸಿವೆಗಿಂತ ಸಣ್ಣದೊಂದು ತೊಡರು ಸಿಕ್ಕಿತು.

ನನ್ನ ನೂಲಿನಲ್ಲಿ ತೊಡರಿರುವುದಿಲ್ಲ. ಎಳೆ ಬಿಚ್ಚಿ ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಗಂಟು. ಚಪ್ಪಟೆಯಾಗಿ ಕೂತ, ತುದಿಗಳನ್ನು ಹಲ್ಲಿನಿಂದ ಕಚ್ಚಿ ತೆಗೆದ ಗಂಟು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆ ಹರಿದರೆ ನೇಕಾರರು ಹಾಕುವ ಗಂಟು ಅದು. ಬಟ್ಟೆಯಲ್ಲಿ ಕಣ್ಣಿಗೂ ಕಾಣಬಾರದು, ಕೈಗೂ ಸಿಗಬಾರದು. ನನ್ನ ಟೀಚರ್ ಸೊಸೆಗೆ ಅದು ಬರುವುದಿಲ್ಲ. ನನಗೂ ಅಷ್ಟು ಚೊಕ್ಕ ಬರುವುದಿಲ್ಲ. ಈ ಮನೆಯಲ್ಲಿ ಅದು ಬರುವುದು ಒಬ್ಬರಿಗೇ. ಗರಗದಲ್ಲಿ ನಾನು ತೆಗೆದ ನೂಲನ್ನು ನೇಯ್ದವರು, ಆಮೇಲೆ ನನ್ನನ್ನೇ ಮದುವೆಯಾದವರು.

"ರೀ, ಬರ್ರಿಲ್ಲೆ."

ಪೂಜೆ ಮುಗಿಸಿ, ಮೊದಲ ರೊಟ್ಟಿ ತಿಂದು, ಹಣೆಯ ಮೇಲೆ ವಿಭೂತಿ ಹೊತ್ತು ಬಂದರು. ಎಳೆ ತೋರಿಸಿದೆ.

"ಇದೇನು?"

"ನೂಲು."

"ನೂಲು ನಂದು. ಗಂಟು ಯಾರದು?"

ಅವರು ಬಗ್ಗಿ ಗಂಟನ್ನು ಬೆರಳಿನಿಂದ ಸವರಿದರು. "ಛಲೋ ಬಿದ್ದೈತಲ್ಲ," ಅಂದರು. ನಾನು ಎಳೆಯನ್ನು ಅವರ ಮೂಗಿನ ತನಕ ಎತ್ತಿದೆ. ಅವರಿಗೆ ಆಗ ಹೊಳೆಯಿತು. "ಹರದಿತ್ತು. ಹರದ ಎಳಿ ಹಂಗ ಬಿಟ್ಟು ಹೋಗಾಕ ಬರತೈತೇನು? ಯಾಕ ಕಟ್ಟಿದ್ರು ಅಂತ ನನಗೇನ ಗೊತ್ತು."

"ಮುಚ್ಚಳ ಯಾಕ ಎತ್ತಿದ್ರಿ?"

ಉತ್ತರ ತೊಟ್ಟಿಯ ಕಲ್ಲು ಕೊಟ್ಟಿತು. ಅಷ್ಟರಲ್ಲಿ ಮೊಮ್ಮಗಳು ಬಂದಿದ್ದಳು. ಹಿಂದಿನ ಮೂಲೆಯ ಕಲ್ಲನ್ನು ಓರೆಮಾಡಿದಾಗ ಅದರಡಿ ಬೂದು ಬಣ್ಣದ ಲೋಳೆಯಾಗಿ ಕೂತದ್ದು ಜೋಳದ ರೊಟ್ಟಿ. ಇಷ್ಟು ದಿನ ಯಾರೂ ಆ ಮೂಲೆಯ ಕಲ್ಲು ಸರಿಸಿರಲಿಲ್ಲ.

"ಅಜ್ಜಾ, ರೊಟ್ಟಿ?"

"ಒಂದ ತುತ್ತು ಯವ್ವಾ. ನಾ ಬಂದ ಕೂಡ್ಲೆ ಗಾಜಿನ ಹತ್ರ ಬಾಯಿ ತಕ್ಕೊಂಡು ಬರ್ತಾವ. ಮೀನಿಗೆ ಮೀನು ತಿನಿಸೂದು ನನ್ನ ಮನಸ್ಸಿಗೆ ಬರಲಿಲ್ಲ. ನಮ್ಮ ಮನ್ಯಾಗ ಇದ್ದಾವಂದ್ರ ನಾವು ತಿನ್ನೂದ ತಿನ್ನಲಿ ಅಂತ, ಮೆತ್ತಗ ಮಾಡಿ ಹಾಕಿದೆ."

"ಅವು ಬಾಯಾಗ ಹಾಕ್ಕೊಂಡು ಉಗಳ್ತಾವ ಅಜ್ಜಾ."

"ಉಗಳ್ತಾವ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನನಗ ಅಷ್ಟು ಕಾಣಲಿಲ್ಲ. ತಿಂತಾವ ಅಂತ ಮಾಡಿದ್ದೆ."

ನಾನು ಬೈಯಲು ತಯಾರಾಗಿದ್ದೆ. ಹುಡುಗಿ ಬೈಯಲಿಲ್ಲ. ತೋಳು ಮಡಚಿ, ಪೈಪಿನಿಂದ ಆ ಲೋಳೆಯನ್ನೆಲ್ಲ ಎಳೆದು ತೆಗೆಯುತ್ತ, "ಅಜ್ಜಾ, ಬಕೆಟ್ ಹಿಡಿ," ಅಂದಳು. ಅವರು ಹಿಡಿದರು.

ಸಂಜೆ ಸೊಸೆಗೆ ವಿಷಯ ಗೊತ್ತಾಯಿತು. ಚಹಾ ಕೊಡುತ್ತ ನನ್ನ ಮುಖ ನೋಡಿದಳು. "ಹಂಗಾರ ಮೆಂತ್ಯದಾಗ ಹುಳಾ ಇರಲಿಲ್ಲ, ಹೌದಿಲ್ರಿ?"

ನಾನು ಚಹಾ ಕುಡಿದೆ.

ರೊಟ್ಟಿ ನಿಂತಿತು, ಪಾಚಿಗೆ ಊಟ ತಪ್ಪಿತು. ಕೊಳವೆಯ ಕೆಂಪು ರವಿವಾರದಿಂದ ರವಿವಾರಕ್ಕೆ ತಿಳಿಯಾಗಿ ಗುಲಾಬಿಗೆ ಬಂತು. ಪೂರ್ತಿ ಹೋಗಲೆಂದು ಮೊಮ್ಮಗಳು ಪಾಚಿ ಮೇಯುವ ಸಮುದ್ರದ ಬಸವನಹುಳುಗಳನ್ನು ತಂದು ಬಿಟ್ಟಳು. "ಇವು ಪಕ್ಕಾ ಶಾಕಾಹಾರಿ ಅಜ್ಜಾ. ಇವು ನಿನ್ನ ಪಾಲಿಗೆ." ಯಜಮಾನರು ಕುರ್ಚಿಯನ್ನೇ ತೊಟ್ಟಿಯ ಮುಂದಕ್ಕೆ ಒಯ್ದರು. ಪೇಪರು ಮಡಿಕೆ ಬಿಚ್ಚದೆ ಬಿದ್ದಿರತೊಡಗಿತು.

ಪಂಚಮಿಗೆ ನನ್ನ ಹೆಣ್ಣುಮಕ್ಕಳು ಬಂದರು. ಒಂದೆರಡು ಕಲ್ಲಿನ ಮೇಲೆ ಇನ್ನೂ ಹಸಿರಿತ್ತು, ಆದರೆ ಹವಳದ ಗುಂಡಿಗಳು ಅರಳಿದ್ದವು, ಹಳದಿ ನಡುವಿಗೆ ಹಸಿರು ಅಂಚು. ಎಳ್ಳುಂಡಿ ಕೈಯಲ್ಲಿ ಹಿಡಿದು ಅವರು ತೊಟ್ಟಿಯ ಮುಂದೆ ಕೂತವರು ಏಳಲಿಲ್ಲ. "ಇದೆಲ್ಲಾ ನಮ್ಮ ಹುಡುಗಿ ತಾನ ಮಾಡಿದ್ದು, ಸಮುದ್ರದ ನೀರ ಸೈತ," ಎಂದು ಸೊಸೆ ಹೇಳುತ್ತಿದ್ದಳು. ವಾಪಸ್ ಕಳಿಸುವ ಮಾತನ್ನು ಆಮೇಲೆ ಅವಳು ಎತ್ತಲೇ ಇಲ್ಲ. ನನ್ನ ಮೊಮ್ಮಗಳ ಮೂಗು ಕೆಂಪಾಗಿತ್ತು, ಈ ಸಲ ನಗುವಿಗೆ. ಅದನ್ನು ನೋಡಿ ನಾನು ಒಳಗೆ ಹೋಗಿ, ಯಾರಿಗೂ ಕಾಣದಂತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಓಡಿ ಬಂದೆ. ಏನೂ ತಪ್ಪಿಹೋಗಬಾರದಲ್ಲ.

ಮೊನ್ನೆ ಮುಂಜಾನೆ ಯಜಮಾನರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಬಸವನಹುಳುಗಳನ್ನೇ ನೋಡುತ್ತಿದ್ದರು. ಕಲ್ಲುಗಳೆಲ್ಲ ಬೆಳ್ಳಗಾಗಿವೆ, ಗಾಜು ಕನ್ನಡಿಯಂತಿದೆ.

"ಪಾಚಿ ಎಲ್ಲಾ ತೀರಿತು," ಅಂದರು, ಯಾರಿಗೂ ಅಲ್ಲ ಎನ್ನುವಂತೆ. "ಇನ್ನ ಇವು ಹೊಟ್ಟಿಗೇನ ತಿಂತಾವೋ."

ನಾನು ಒಳಗೆ ಹೋಗಿ ಟ್ರಂಕು ತೆರೆದು ಲಡಿ ತೆಗೆದೆ. ಈ ಸಲ ಎರಡೆಳೆ ಹುರಿ ಮಾಡಿ ಕಟ್ಟಿದ್ದೇನೆ.