ಕರ್ಸರ್ ಡಾಕ್ಟರ್ ರಾಡ್ಕಾ
ಪ್ಲೊವ್‌ಡಿವ್ ನಗರದ ಒಂದು ಮನೆನಕ್ಷೆ ಕಚೇರಿಯಲ್ಲಿ ಯಾರ ಪರದೆಯ ಮೇಲೆ ಕರ್ಸರ್ ನಡುಗಿದರೂ, ಒಂದು ಎರಡಾದರೂ, ಮೊದಲ ಕೂಗು ರಾಡ್ಕಾಳಿಗೇ. ಅರ್ಧ ತಿಂದ ಬಾನಿತ್ಸಾ ಎಂಬ ಚೀಸ್ ಪದರರೊಟ್ಟಿಯನ್ನು ಕೈಯಲ್ಲಿ ಹಿಡಿದೇ ಬಂದು, "ಏನು ಮುಟ್ಟಿದೆ, ನಿಜ ಹೇಳು" ಎನ್ನುತ್ತಾಳೆ. "ಏನೂ ಮುಟ್ಟಿಲ್ಲ ಕಣೇ" ಎಂದರೆ, "ಹೂಂ, ನನ್ನ ಗಂಡನೂ ಫ್ರಿಜ್ ಮುಂದೆ ನಿಂತ್ಕೊಂಡು ಹೀಗೇ ಹೇಳ್ತಾನೆ" ಎಂದು ಕುರ್ಚಿಯಿಂದ ಎಬ್ಬಿಸುತ್ತಾಳೆ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಡ್ರೈವರ್ ತಂತ್ರಾಂಶವನ್ನು ಮನೆಹಾಳ ಅಳಿಯನಂತೆ ಬೈದು ಹೊರಗಟ್ಟಿ ಹೊಸದನ್ನು ಕೂರಿಸುತ್ತಾಳೆ. ಮಾರ್ಚ್ ಬಂತೆಂದರೆ, ಆರೋಗ್ಯಕ್ಕೆಂದು ಜನ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರವನ್ನು ಮೌಸುಗಳ ಬಾಲಕ್ಕೂ ಕಟ್ಟುತ್ತಾಳೆ. ಮೊನ್ನೆ ಹಿರಿಯ ನಕ್ಷೆಗಾರ ಪೆಂಚೊ ಮಾಮ "ಕರ್ಸರ್ ಮತ್ತೆ ಮಾಯ ಆಯ್ತಮ್ಮಾ" ಎಂದು ಕರೆದ. ಹೋಗಿ ನೋಡಿದರೆ ಅದು ಪರದೆಯ ನಟ್ಟನಡುವೆ ಕೂತಿತ್ತು. ರಾಡ್ಕಾ ಅವನ ಮಂಜಾದ ಕಣ್ಣನ್ನೊಮ್ಮೆ ನೋಡಿದಳು, "ಹಾಳು ಡ್ರೈವರ್, ಮಾಮ!" ಎಂದು ಬೈದು, ಕೂಡು ಗುರುತಿನಂಥ ಆ ಪುಟ್ಟ ಕರ್ಸರಿನ ಗೆರೆಗಳನ್ನು ಪರದೆಯ ಅಂಚಿನಿಂದ ಅಂಚಿಗೆ ಹಿಗ್ಗಿಸಿದಳು. "ಓಹೋ, ನಮ್ಮ ಕಾಲದಲ್ಲಿ ಗೆರೆ ಎಳೀತಿದ್ದ ಮರದ ಟಿ-ಸ್ಕ್ವೇರ್ ಪಟ್ಟಿ ವಾಪಸ್ ಬಂತಲ್ಲ!" ಎಂದು ಮುದುಕ ಹಿಗ್ಗಿದ. ಅವನ ಪರದೆಯೊಂದೇ ಬೇರೆಯಾಗಿ ಕಂಡರೆ ಪಡ್ಡೆಗಳು ನಕ್ಕಾರೆಂದು, ಎಲ್ಲರೂ ಊಟಕ್ಕೆ ಹೋದಾಗ ರಾಡ್ಕಾ ಕಚೇರಿಯ ಅಷ್ಟೂ ಪರದೆಗಳಿಗೆ ಅದೇ ಉದ್ದ ಗೆರೆಗಳನ್ನು ಹಾಕಿಟ್ಟಳು. ಊಟ ಮುಗಿಸಿ ಬಂದವರೆಲ್ಲ "ರಾಡ್ಕಾ, ನಮ್ಮ ಕರ್ಸರಿಗೇನಾಯ್ತೇ?" ಎಂದು ಬೊಬ್ಬೆ ಹೊಡೆದಾಗ, ಬಾನಿತ್ಸಾ ಜಗಿಯುತ್ತಾ ಎದ್ದು ಬಂದಳು: "ಏನು ಮುಟ್ಟಿದ್ರಿ, ನಿಜ ಹೇಳಿ."