ಶೋಳಿಂಗನಲ್ಲೂರಿನ ಮಾರುತ್‌ಗೆ ಯಾರದೋ ನಂಬರು

ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತುವಾಗಲೇ ನನಗೆ ಮೈಯೆಲ್ಲ ಉರಿಯುತ್ತಿತ್ತು. ರಜೆಯ ಶನಿವಾರ, ಕಿಟಕಿ ಪಕ್ಕದ ಸೀಟು, ಬುತ್ತಿಯಲ್ಲಿ ಚಿತ್ರಾನ್ನ, ಎಲ್ಲ ಇದ್ದೂ ಪ್ರವಾಸದ ಖುಷಿ ಹತ್ತಿರಕ್ಕೂ ಸುಳಿಯಲಿಲ್ಲ. ನಾನು ಚೆನ್ನೈಗೆ ಹೊರಟಿದ್ದು ಸಮುದ್ರ ನೋಡಲಿಕ್ಕಲ್ಲ, ರಘುನಂದನ ಎಂಬ ಮನುಷ್ಯನ ಹತ್ತಿರ ಜಗಳವಾಡಲಿಕ್ಕೆ.

ಕೋಲಾರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನಗೆ ಹಳೇ ಯುದ್ಧವಿಮಾನಗಳ ಹುಚ್ಚು. ಫೋನಿನಲ್ಲಿ ನಮ್ಮದೊಂದು ಬಳಗವಿದೆ. ಯಾವುದೋ ವೃತ್ತದಲ್ಲಿ, ಯಾವುದೋ ಶಾಲೆಯ ಅಂಗಳದಲ್ಲಿ ತುಕ್ಕು ಹಿಡಿದು ನಿಂತ ವಿಮಾನದ ಫೋಟೊ ಒಬ್ಬರು ಹಾಕುತ್ತಾರೆ. ಅದು ಯಾವ ಜಾತಿ, ಯಾವ ನಂಬರಿನದು ಎಂದು ಉಳಿದವರು ಹುಡುಕುತ್ತೇವೆ. ಬಾಲದ ಮೇಲೆ ಬರೆದದ್ದನ್ನು ನಾವು ನಂಬುವುದಿಲ್ಲ, ಅದನ್ನು ಬಣ್ಣ ಬಳಿಯುವವರು ಮನಸ್ಸಿಗೆ ಬಂದಂತೆ ಬರೆದಿರುತ್ತಾರೆ. ಮುಚ್ಚಳಗಳ, ಬಾಗಿಲುಗಳ ಒಳಮೈಯಲ್ಲಿ ಹಿಂದಿನ ಮೆಕ್ಯಾನಿಕ್‌ಗಳು ಬರೆದ ನಂಬರು ನೋಡುತ್ತೇವೆ. ಕನಿಷ್ಠ ಎರಡು ಕಡೆ ಒಂದೇ ನಂಬರು ಸಿಕ್ಕರೆ ಬಳಗದ ಯಜಮಾನ ಕೆಳಗೆ 'ದೃಢ' ಎಂದು ಬರೆಯುತ್ತಾನೆ. ಅಲ್ಲಿಗೆ ಚರ್ಚೆ ಮುಗಿಯಿತು.

ಯಜಮಾನ ಈ ರಘುನಂದನನೇ. ತುಮಕೂರಿನವನು, ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ಕೆಲಸ. ಬೇರೆಯವರು ತೆಗೆದ ಫೋಟೊದ ಮೇಲೂ ತನ್ನ ಹೆಸರನ್ನು ಅಡ್ಡಡ್ಡ ಛಾಪಿಸುವ ಪುಣ್ಯಾತ್ಮ. ಅಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ ಬಾಲದ ನಂಬರು ಅಳಿಸಿಹೋದ ಒಂದು ಮಾರುತ್ ಇದೆ, ನಮ್ಮ ಬೆಂಗಳೂರಿನಲ್ಲೇ ತಯಾರಾದ ಫೈಟರ್. ಅದರ ಮೂಗಿನ ಚಕ್ರದ ಬಾಗಿಲಿನೊಳಗೆ ಒಂದು ನಂಬರು ಕಂಡದ್ದೇ ತಡ, ಎರಡನೇ ಜಾಗ ನೋಡದೆ ಅವನು 'ದೃಢ' ಎಂದು ಬರೆದುಬಿಟ್ಟ. ಮಾರನೇ ದಿನ ಅಲ್ಲೇ ಹತ್ತಿರದ ಪೆರುಂಗುಡಿಯ ಸರೋಜಮ್ಮ ಎನ್ನುವವರು ಬರೆದರು: ಏರ್‌ಫೋರ್ಸಿನಲ್ಲಿ ಮೆಕ್ಯಾನಿಕ್ ಆಗಿದ್ದ ತಮ್ಮ ಗಂಡ ವರ್ಷಗಟ್ಟಲೆ ನೋಡಿಕೊಂಡ ವಿಮಾನದ ನಂಬರು ಇದೇ, ಅವರು ತೀರಿಹೋಗಿ ಬಹಳ ಕಾಲವಾಯಿತು, ಒಮ್ಮೆ ಮುಟ್ಟಿ ನೋಡಬೇಕು ಎಂದು. ಬಳಗದ ತುಂಬ ಕೈಮುಗಿದ ಚಿತ್ರಗಳು. ಭಾನುವಾರ ಕಾಲೇಜಿನಲ್ಲಿ ಸಮಾರಂಭ, ಬಾಲದ ಮೇಲೆ ಹೊಸದಾಗಿ ಆ ನಂಬರು, ಸರೋಜಮ್ಮನಿಗೆ ಶಾಲು ಎಂದು ನಿರ್ಧಾರವಾಯಿತು.

ಕೆಟ್ಟುನಿಂತ ವಿಮಾನದ ಬಾಗಿಲು ಕಿತ್ತು ಇನ್ನೊಂದಕ್ಕೆ ಹಾಕುವುದು ಮಾಮೂಲಿ, ಇನ್ನೊಂದು ಕಡೆ ನೋಡಿ ಎಂದು ನಾನು ಬರೆದೆ. "ಮೇಡಂ, ಒಬ್ಬ ಹಿರಿಯರ ಭಾವನೆ ಜೊತೆ ಆಟ ಆಡಬೇಡಿ" ಎಂದು ಉತ್ತರ ಬಂತು. ಮರುಗಳಿಗೆಯಲ್ಲಿ ನನ್ನ ಮಾತನ್ನೇ ಅಳಿಸಿ ಹಾಕಿದ. ನಾನು ಟಿಕೆಟ್ಟು ತೆಗೆದದ್ದು ಆಗ.

ಜೋಲಾರಪೇಟೆಯಲ್ಲಿ ಕುಡಿದ ಕಾಫಿ ಸಕ್ಕರೆ ಪಾನಕದಂತಿತ್ತು. ಅರಕ್ಕೋಣಂ ದಾಟುವಷ್ಟರಲ್ಲಿ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾದಿತ್ತು. ಸೆಂಟ್ರಲ್‌ನಲ್ಲಿ ಇಳಿದರೆ ಆಟೊದವನು ಪೆರುಂಗುಡಿಗೆ ಕೇಳಿದ ದುಡ್ಡು ನನ್ನ ರೈಲು ಟಿಕೆಟ್ಟಿನ ನಾಲ್ಕು ಪಟ್ಟು. ಅವನಿಗೂ ನಾಲ್ಕು ಮಾತು ಅಂದು ಬಸ್ಸು ಹತ್ತಿದೆ. ಹಳೇ ಮಹಾಬಲಿಪುರಂ ರಸ್ತೆಯ ನಡುವೆ ಮೆಟ್ರೊ ಕೆಲಸ ನಡೆದಿತ್ತು. ಆಫೀಸು ಕ್ಯಾಬುಗಳ ಹಿಂದೆ ನಮ್ಮ ಬಸ್ಸು ಅಂಗುಲ ಅಂಗುಲವಾಗಿ ತೆವಳಿತು. ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ಬರುತ್ತೇನೆಂದು ಮೊದಲೇ ಫೋನು ಮಾಡಿದ್ದೆ, ಸರೋಜಮ್ಮ ಊಟಕ್ಕೆ ಕಾದಿದ್ದರು. ಮಂಡ್ಯ ಕಡೆಯವರು. ಚೆನ್ನೈಗೆ ಬಂದು ಅರ್ಧ ಆಯಸ್ಸು ಕಳೆದರೂ ಬಸ್ಸಾರಿನ ರುಚಿ ಅಲುಗಿರಲಿಲ್ಲ, ಪಕ್ಕದಲ್ಲಿ ಮಾತ್ರ ಹಪ್ಪಳ ಹೋಗಿ ಅಪ್ಪಳಂ ಬಂದು ಕೂತಿತ್ತು. "ಇನ್ನೊಂಚೂರು ಹಾಕ್ಕೊ ಕಣಮ್ಮ, ರೈಲಲ್ಲಿ ಏನ್ ತಿಂದಿರ್ತೀಯ" ಎಂದು ಬಡಿಸುತ್ತಲೇ ಇದ್ದರು. ನಾಳೆ ಉಡಲು ಇಸ್ತ್ರಿ ಮಾಡಿಸಿಟ್ಟ ಸೀರೆ ತೋರಿಸಿದರು. ನಂಬರಿನ ಅನುಮಾನ ಹೇಳಬೇಕೆಂದು ಬಾಯಿ ತೆರೆದವಳು ಮಜ್ಜಿಗೆ ಲೋಟ ಎತ್ತಿಕೊಂಡೆ. ಇಂಥ ಸ್ಥಿತಿಗೆ ನನ್ನನ್ನು ತಂದಿಟ್ಟವನ ಮೇಲೆ ಸಿಟ್ಟು ಇಮ್ಮಡಿಯಾಯಿತು.

ಬಿಸಿಲು ಇಳಿದ ಮೇಲೆ ಅವರ ಮಗಳು ಲತಾ, ಬ್ಯಾಂಕಿನಲ್ಲಿರುವವಳು, ನಮ್ಮಿಬ್ಬರನ್ನೂ ಕಾರಿನಲ್ಲಿ ಶೋಳಿಂಗನಲ್ಲೂರಿಗೆ ಕರೆದೊಯ್ದಳು. ಪೇಂಟರ್ ಆಗಲೇ ಏಣಿ ಹತ್ತಿ ಬಾಲದ ಮೇಲೆ ಸೀಮೆಸುಣ್ಣದಿಂದ ಅಂಕಿ ಗುರುತು ಮಾಡುತ್ತಿದ್ದ. ರಘುನಂದನ ಕ್ಯಾಮೆರಾ ನೇತುಹಾಕಿಕೊಂಡು ಓಡಿಬಂದು ಸರೋಜಮ್ಮನ ಕಾಲಿಗೆ ಬಿದ್ದ, ಅದರದ್ದೂ ಒಂದು ಫೋಟೊ ತೆಗೆಸಿಕೊಂಡ. ಲತಾ ಅಮ್ಮನನ್ನು ನೆರಳಿನ ಕುರ್ಚಿಯಲ್ಲಿ ಕೂರಿಸಿದಳು.

ನಾನು ಪೇಂಟರ್ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು ನೇರವಾಗಿ ವಿಮಾನದ ಕೆಳಗೆ ನುಗ್ಗಿದೆ. ಬಂದೂಕು ಕೂರಿಸುವ ಜಾಗದ ಮುಚ್ಚಳ ಬಿಚ್ಚಿದೆ, ಒಳಗೆ ಬೇರೆಯೇ ನಂಬರು. ರೆಕ್ಕೆ ಬುಡದ ಮುಚ್ಚಳ ಬಿಚ್ಚಿದೆ, ಅಲ್ಲೂ ಅದೇ ಬೇರೆ ನಂಬರು. ಹಿಂದಿನ ಚಕ್ರದ ಬಾಗಿಲಿನಲ್ಲೂ ಅದೇ. ಎಲ್ಲದರ ಫೋಟೊ ತೆಗೆದುಕೊಂಡೆ. ಇಡೀ ಮೈ ಒಂದು ವಿಮಾನದ್ದು, ಮೂಗಿನ ಬಾಗಿಲು ಮಾತ್ರ ಇನ್ನೊಂದರದ್ದು.

"ಇಲ್ಲಿ ಬಗ್ಗಿ ನೋಡಿ" ಎಂದೆ ರಘುನಂದನನಿಗೆ.

ಅವನು ಬಗ್ಗಲಿಲ್ಲ. "ನೋಡಿದೀನಿ ಮೇಡಂ. ಹೋದ ವಾರವೇ ಫೋಟೊ ತೆಗೆದಿದೀನಿ."

"ಗೊತ್ತಿದ್ದೂ ಬರೆಸ್ತಾ ಇದೀರಾ?"

"ಇನ್ವಿಟೇಶನ್ ಹೋಗಿದೆ. ಜನಕ್ಕೂ ಒಂದು ಕಥೆ ಬೇಕಲ್ವಾ? ಅಜ್ಜಿ ಎಷ್ಟು ಖುಷಿಯಾಗಿದಾರೆ ನೋಡಿ. ನಂಬರ್‌ನಿಂದ ಯಾರಿಗೆ ಏನು ನಷ್ಟ?"

ತಪ್ಪು ಮಾಡಿದ್ದಾನೆ ಎಂದುಕೊಂಡು ಬಂದಿದ್ದೆ. ಅವನು ಮಾಡಿದ್ದು ಮೋಸ. "ನಾಚಿಕೆ ಆಗಲ್ವೇನ್ರೀ ನಿಮಗೆ? ಯಾರು ಏನು ಅಂತ ಸರಿಯಾಗಿ ಹೇಳೋದೊಂದೇ ನಮ್ಮ ಕೆಲಸ. ಅದೂ ಬೇಡ ಅಂದ್ರೆ ಈ ಕ್ಯಾಮೆರಾ ಯಾಕೆ ಹೊತ್ಕೊಂಡಿದೀರಿ?" ಎಂದು ಕಿರುಚಿದೆ. ಕಾಲೇಜಿನ ಕಾವಲುಗಾರ ಗೇಟಿನಿಂದ ಇಣುಕಿದ.

ಸರೋಜಮ್ಮ ಎದ್ದು ಬಂದರು. ನಾನು ನೆಲ ನೋಡುತ್ತಾ ವಿಷಯ ಹೇಳಿದೆ. ಅವರು ಮಗಳ ಭುಜ ಹಿಡಿದು ಬಗ್ಗಿ, ಮೂಗಿನ ಬಾಗಿಲಿನೊಳಗಿನ ಅಂಕಿಗಳನ್ನು ಕೈಯಿಂದ ಸವರಿದರು.

"ಇದು ಅವರ ಕೈಬರಹವೇ. ಏಳಕ್ಕೆ ಅಡ್ಡಗೆರೆ ಎಳೀತಿದ್ರು."

"ನೋಡಿದ್ರಾ, ಅಜ್ಜಿನೇ ಹೇಳಿದ್ರು!" ಎಂದು ರಘುನಂದನ ಹಿಗ್ಗಿದ.

ಅವರು ಅವನ ಕಡೆ ತಿರುಗಲಿಲ್ಲ. ನಾನು ಬಿಚ್ಚಿದ ಮುಚ್ಚಳಗಳ ಹತ್ತಿರ ಒಂದೊಂದಾಗಿ ಹೋಗಿ ನೋಡಿದರು. ಅಲ್ಲಿಯ ಅಂಕಿಗಳು ಬೇರೆ ಕೈಯವು, ದುಂಡಗೆ, ಒತ್ತೊತ್ತಾಗಿ ಇದ್ದವು.

"ಇವನ್ನ ಬರೆದೋನು ಯಾರು?" ಎಂದು ಕೇಳಿದರು.

"ಯಾರೋ ಇರ್ಬೇಕು ಬಿಡಿ, ಅಜ್ಜಿ."

"ಯಾರೋ ಅಂದ್ರೆ? ಅವನಿಗೆ ಹೆಂಡ್ತಿ ಮಕ್ಕಳು ಇರಲ್ವಾ? ನನ್ನ ಗಂಡನ ನಂಬರು ಬರೆದು ಅವನನ್ನ ಅಳಿಸಿಬಿಡ್ತೀಯಾ? ಅವನ ಕಡೆಯೋರು ಹುಡುಕ್ಕೊಂಡು ಬಂದ್ರೆ ಏನ್ ತೋರಿಸ್ತೀಯ?" ಆಮೇಲೆ ಏಣಿಯ ಮೇಲಿದ್ದ ಪೇಂಟರ್‌ಗೆ, ಬೇಡ, ಕೆಳಗಿಳಿ ಎಂದು ತಮಿಳಿನಲ್ಲಿ ಗದರಿದರು: "ತಂಬಿ, ವೇಂಡಾಂ. ಇರಂಗು!"

ಪೇಂಟರ್ ರಘುನಂದನನ ಮುಖ ನೋಡಿದ, ಸರೋಜಮ್ಮನ ಮುಖ ನೋಡಿದ, ಬ್ರಷ್ಷು ಡಬ್ಬಕ್ಕೆ ಹಾಕಿ ಕೆಳಗಿಳಿದ. "ಅಮ್ಮಾ, ಪೋಲಾಮಾ?" ಎಂದು ಲತಾ ಮೆಲ್ಲಗೆ ಕೇಳಿದಳು. ಹೊರಟೆವು. ಪೆರುಂಗುಡಿ ಹತ್ತಿರ ಬಂದಾಗ ಸರೋಜಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಭಾನುವಾರ ಮಧ್ಯಾಹ್ನದ ರೈಲಿನಲ್ಲಿ ವಾಪಸು ಹೊರಟೆ. ಬೇಸಿನ್ ಬ್ರಿಡ್ಜ್ ದಾಟುವಾಗ ಫೋನು ತೆರೆದರೆ ಸಮಾರಂಭದ ಫೋಟೊಗಳು. ಬಾಲದ ಮೇಲೆ ಆ ಸುಳ್ಳು ನಂಬರು ಫಳಫಳ ಹೊಳೆಯುತ್ತಿತ್ತು. ಸರೋಜಮ್ಮ ಹೋಗಿರಲಿಲ್ಲ, ಅವರ ಶಾಲನ್ನು ಯಾರಿಗೋ ಹೊದಿಸಿದ್ದರು. ಕೆಳಗೆ ಮತ್ತೆ 'ದೃಢ'. ನಾನು ಬಿಚ್ಚಿದ ಮುಚ್ಚಳಗಳ ಫೋಟೊಗಳನ್ನೆಲ್ಲ ಅಲ್ಲೇ ಹಾಕಿದೆ. ತಿರುವಳ್ಳೂರು ಬರುವಷ್ಟರಲ್ಲಿ ಬಳಗದಿಂದ ನನ್ನನ್ನು ಹೊರಗೆ ಹಾಕಿದ್ದರು. ಇಷ್ಟು ವರ್ಷ ಅಲ್ಲಿ ಸುರಿದ ನನ್ನ ಫೋಟೊಗಳೂ ಹೋದವು. ಫೋನನ್ನು ಕಿಟಕಿಯಾಚೆ ಎಸೆಯುವಷ್ಟು ಸಿಟ್ಟು ಬಂದಿತ್ತು, ಎದುರಿನ ಸೀಟಿನವರು ಚೀಲ ಹತ್ತಿರಕ್ಕೆ ಎಳೆದುಕೊಂಡರು.

ಕಾಟ್ಪಾಡಿಯಲ್ಲಿ ಸರೋಜಮ್ಮನ ಕರೆ ಬಂತು. ಸುದ್ದಿ ಅವರಿಗೆ ಗೊತ್ತಾಗಿತ್ತು. ನಾನು ಸಮಾಧಾನ ಹೇಳಲು ಹೊರಟರೆ ಅರ್ಧಕ್ಕೇ ತಡೆದರು.

"ಅದೆಲ್ಲ ಇರ್ಲಿ ಕಣಮ್ಮ. ಆ ಇನ್ನೊಬ್ಬನ ಮನೆಯವರು ಎಲ್ಲಿದ್ರೂ ಹುಡುಕು. ಸಿಕ್ಕಿದ ದಿನ ನನಗೆ ಹೇಳು, ಬಣ್ಣ ಅಳಿಸೋ ಥಿನ್ನರ್ ಡಬ್ಬ ಹಿಡ್ಕೊಂಡು ಆ ಏಣಿ ನಾನೇ ಹತ್ತುತೀನಿ."