ಒಂಬತ್ತರವರೂ ಹನ್ನೊಂದರವರೂ ಪಾಸ್ಟರನ್ನು ನೋಡಲು ಹೋದದ್ದು

ಶನಿವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಎಮ್ಮೆಗಳನ್ನು ಸೊಸೆಗೆ ಒಪ್ಪಿಸಿ ನಾನು ಭೇರ್ಯದ ಬಸ್ ಸ್ಟಾಪಿಗೆ ಬರುವಷ್ಟರಲ್ಲಿ ದೇವರಾಜ ಮೇಷ್ಟ್ರು ಬಂದು ನಿಂತಿದ್ದರು. ನನ್ನನ್ನು ಕಂಡು ಕೈಗಡಿಯಾರ ನೋಡಿಕೊಂಡರು. ನಾನು ಮಾತಾಡಿಸಲಿಲ್ಲ. ನಾವಿಬ್ಬರೂ ಹೊರಟಿದ್ದು ಒಂದೇ ಕೆಲಸಕ್ಕೆ, ನಮ್ಮೂರ ಚರ್ಚಿಗೆ ಹೊಸ ಪಾಸ್ಟರನ್ನು ನೋಡುವುದಕ್ಕೆ. ಹೆಣ್ಣು ನೋಡಲು ಹೋಗುತ್ತಾರಲ್ಲ, ಹಾಗೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನಲ್ಲಿ ಆನಂದಪ್ಪ ಅಂತ ಒಬ್ಬರಿದ್ದಾರೆ, ಅಲ್ಲಿ ಅವರ ಅವಧಿ ಮುಗಿಯುತ್ತಾ ಬಂದಿದೆ, ಕೇಳಿ ನೋಡಿ ಎಂದು ಯಾರೋ ಹೇಳಿದ್ದರು.

ನಮ್ಮ ಜಗಳ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಭಾನುವಾರದ ಆರಾಧನೆ ಎಷ್ಟು ಹೊತ್ತಿಗೆ ಶುರುವಾಗಬೇಕು ಅನ್ನುವುದೇ ಜಗಳ. ಮೇಷ್ಟ್ರ ಕಡೆಯವರು ಸಂಬಳದ ಕೆಲಸದವರು. ಒಂಬತ್ತಕ್ಕೇ ಶುರುಮಾಡಿ ಮುಗಿಸಿಕೊಂಡರೆ ಇಡೀ ದಿನ ಕೈಗೆ ಸಿಗುತ್ತದೆ ಅನ್ನುತ್ತಾರೆ. ನಮ್ಮ ಕಡೆಯವರಿಗೆ ಕೊಟ್ಟಿಗೆ, ಹಾಲು, ನೀರು ಕಟ್ಟುವುದು ಎಲ್ಲ ಮುಗಿಯುವಾಗ ಹನ್ನೊಂದು. ಹಳೆಯ ಪಾಸ್ಟರು ಯಾರ ಮನಸ್ಸೂ ನೋಯಬಾರದೆಂದು ಎರಡು ಹೊತ್ತೂ ಆರಾಧನೆ ಇಟ್ಟರು. ಅಲ್ಲಿಗೆ ಒಂದು ಸಭೆ ಎರಡಾಯಿತು. ಮದುವೆಗೂ ಮಣ್ಣಿಗೂ ಬೇರೆ ಬೇರೆ ಗುಂಪಾಗಿ ಹೋಗುವಂತಾಯಿತು. ಪಾಸ್ಟರು ಸೋತು ಪಿರಿಯಾಪಟ್ಟಣಕ್ಕೆ ಹೊರಟುಹೋದರು. ಒಂದು ವರ್ಷದಿಂದ ಪಾಸ್ಟರಿಲ್ಲ, ಎರಡು ಹೊತ್ತೂ ಸಭೆಯ ಹಿರಿಯರೇ ಆರಾಧನೆ ನಡೆಸುತ್ತಿದ್ದೇವೆ. ಹೊಸಬರನ್ನು ಒಂದು ಕಡೆಯವರು ನೋಡಿ ಬಂದರೆ ಇನ್ನೊಂದು ಕಡೆಯವರು ನಂಬುವುದಿಲ್ಲ. ಅದಕ್ಕೇ ಈ ಸಲ ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರು ಹೊರಟಿದ್ದು. ಮೊದಲೆಲ್ಲ ಮೇಷ್ಟ್ರನ್ನು ನಾನು ದೇವರಾಜ ಅನ್ನುತ್ತಿದ್ದೆ, ಅವನು ನನ್ನನ್ನು ಅತ್ತೆ ಅನ್ನುತ್ತಿದ್ದ. ಜಗಳವಾದ ಮೇಲೆ ಅವನು ಮೇಷ್ಟ್ರಾದ, ನಾನು ರಾಹೇಲಮ್ಮನವರಾದೆ.

ಬಸ್ಸಿನಲ್ಲಿ ನಾನು ಮುಂದೆ ಕೂತೆ, ಅವರು ಹಿಂದೆ. ಇಬ್ಬರೂ ಒಂದೇ ಊರಿನ ಹೆಸರು ಹೇಳಿದ್ದು ಕೇಳಿ ಕಂಡಕ್ಟರು ಒಟ್ಟಿಗೇನಾ ಎಂದ. ಇಬ್ಬರೂ ಅಲ್ಲ ಎಂದೆವು. ನಾನು ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ಇಸಕೊಂಡೆ. ಮೇಷ್ಟ್ರು ದುಡ್ಡು ಕೊಟ್ಟರು. ಅಷ್ಟು ಹೊತ್ತು ನನಗೆ ಸಂತೋಷವಾಯಿತು.

ಕೆ.ಆರ್. ನಗರದವರೆಗೆ ಕಾಲುವೆಯ ನೀರು, ಗದ್ದೆ. ಅಲ್ಲಿ ಬಸ್ಸು ಬದಲಾಯಿಸಿ ಹುಣಸೂರಿಗೆ ಬಂದೆವು. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಬೇಯಿಸುವ ಬ್ಯಾರನ್ನುಗಳು. ಹುಣಸೂರಿನ ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ತಿಂದೆವು, ಬೇರೆ ಬೇರೆ ಮೇಜಿನಲ್ಲಿ. ಇಡ್ಲಿ ಗಟ್ಟಿ, ಚಟ್ನಿ ಪರವಾಗಿಲ್ಲ. ಅಲ್ಲಿಂದ ಕೋಟೆಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತುಂತುರು ಮಳೆ, ಕಿಟಕಿ ಹಾಕಿ ಒಳಗೆಲ್ಲ ಬೆವರು. ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು ಇನ್ನೊಂದು ಬಸ್ಸು ಕಾದು ಬೇಗೂರು ಸೇರುವಾಗ ಊಟದ ಹೊತ್ತು ಮೀರಿತ್ತು. ಊರಾಚೆಗೆ ಕಾಡು. ಆನೆ ದಾಟದಿರಲೆಂದು ಕಂದಕ ತೋಡಿದ್ದರು. ಹೊಲಗಳಲ್ಲಿ ರಾತ್ರಿ ಕಾವಲಿಗೆ ಮರದ ಮೇಲೆ ಅಟ್ಟಣೆ ಕಟ್ಟಿದ್ದರು.

ಮೇಷ್ಟ್ರು ನೇರವಾಗಿ ಪಾಸ್ಟರ ಮನೆಗೆ ಹೋದರು. ನಾನು ಹೋಗಲಿಲ್ಲ. ಹೆಣ್ಣು ನೋಡಲು ಹೋದಾಗ ಬುದ್ಧಿ ಇರುವವರು ಎದುರು ಮನೆಯಲ್ಲಿ ನೀರು ಕೇಳುತ್ತಾರೆ. ನಾನೂ ಕೇಳಿದೆ. ಆ ಮನೆಯ ಸಿದ್ದಮ್ಮ ಚರ್ಚಿನವಳಲ್ಲ, ಹಾಗಾಗಿ ಅವಳಿಗೆ ಮುಲಾಜಿರಲಿಲ್ಲ.

“ಆ ವಯ್ಯನ್ನ ಮನೇಲಿ ಉಡುಕ್ತೀರಾ? ಯಾರ ಜಗಲಿ ಮ್ಯಾಲೆ ಕುಂತವ್ನೋ” ಎಂದಳು. “ಎಡ್ತಿ ಮುದ್ದೆ ಮಾಡಿಟ್ಕೊಂಡು ಬೈಕೋತಾ ಕುಂತಿರ್ತಾಳೆ.”

ಬರೀ ತನ್ನ ಸಭೆಯವರ ಮನೆಗೇ ಹೋಗುತ್ತಾನಾ ಎಂದು ಕೇಳಿದೆ.

“ನಮ್ಮತ್ತೆ ಬಿದ್ದು ಸೊಂಟ ಮುರ್ಕೊಂಡಾಗ ಇಲ್ಗೂ ಬಂದಿದ್ದ. ಜಪಗಿಪ ಏನೂ ಮಾಡ್ನಿಲ್ಲ. ಮಂಚ ಅಳ್ಳಾಡ್ತಿತ್ತು, ಅದರ ಕಾಲು ಸರಿ ಮಾಡಿಕೊಟ್ಟು ಓದ.”

ನೀರು ಕುಡಿದು ಎದ್ದೆ. ಅರ್ಧ ಕೆಲಸ ಆಗಿತ್ತು.

ಪಾಸ್ಟರು ಸಂಜೆಯ ಹೊತ್ತಿಗೆ ಸಿಕ್ಕರು. ನಲವತ್ತು ದಾಟಿದ ಆಳು, ಮೊಣಕಾಲವರೆಗೆ ಕೆಸರು. ಮೇಷ್ಟ್ರು ಒಳಗೆ ಕುರ್ಚಿಯಲ್ಲಿ, ನಾನು ಹೊರಗೆ ಜಗಲಿಯಲ್ಲಿ ಕೂತಿದ್ದನ್ನು ನೋಡಿದರು. ಆ ರಾತ್ರಿ ನಾನು ಅವರ ಹೆಂಡತಿಯ ಜೊತೆ ಮಲಗಿದೆ, ಮೇಷ್ಟ್ರು ಚರ್ಚಿನಲ್ಲಿ ಚಾಪೆ ಹಾಸಿಕೊಂಡರು.

ಭಾನುವಾರ ಒಂಬತ್ತಾಯಿತು, ಗಂಟೆ ಬಾರಿಸಲಿಲ್ಲ. ಮೇಷ್ಟ್ರು ಮತ್ತೆ ಮತ್ತೆ ಗಡಿಯಾರ ನೋಡಿದರು. ರಾತ್ರಿ ಆನೆ ಕಾದವರು ಒಂದಿಷ್ಟು ಮಲಗಿ ಎದ್ದು ಬರಬೇಕು, ಆಮೇಲೇ ಗಂಟೆ ಎಂದು ಯಾರೋ ಹೇಳಿದರು. ಅವರು ಬಂದರು, ಗಂಟೆ ಹೊಡೆದರು. ಪಾಸ್ಟರು ಹೇಳಿದ ಪ್ರಸಂಗ ಸಾಧಾರಣ. ಇದಕ್ಕಿಂತ ಒಳ್ಳೆಯ ಪ್ರಸಂಗ ನಾನು ಕೇಳಿದ್ದೇನೆ, ಕೇಳುತ್ತಾ ನಿದ್ದೆಯನ್ನೂ ಮಾಡಿದ್ದೇನೆ. ಆದರೆ ಕೊನೆಯ ಪ್ರಾರ್ಥನೆಗೆ ಮುಂಚೆ ಅವರು ಇವತ್ತು ಯಾರು ಬಂದಿಲ್ಲ ಎಂದು ಕೇಳಿದರು. ಜನ ಹೆಸರು ಹೇಳಿದರು. ಒಂದೊಂದು ಹೆಸರಿಗೂ ಸಭೆಯೊಳಗಿಂದಲೇ ಇಬ್ಬಿಬ್ಬರು ನಾವು ಹೋಗುತ್ತೇವೆ ಎಂದು ಎದ್ದು ನಿಂತರು. ಅಷ್ಟಾದ ಮೇಲೆ ಪ್ರಾರ್ಥನೆ ಮುಗಿಸಿದರು. ಪಾಸ್ಟರೊಬ್ಬರೇ ಓಡಾಡುತ್ತಾರೆ ಎಂದುಕೊಂಡಿದ್ದೆ. ಅವರು ಊರನ್ನೇ ಓಡಾಡಿಸುತ್ತಿದ್ದರು.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಕೈ ತೊಳೆದ ಕೂಡಲೇ ಮೇಷ್ಟ್ರು, ನಮ್ಮಲ್ಲಿಗೆ ಬಂದರೆ ಆರಾಧನೆ ಎಷ್ಟು ಹೊತ್ತಿಗೆ ಇಡುತ್ತೀರಿ ಎಂದು ಕೇಳಿಯೇಬಿಟ್ಟರು. ನಾನು ಕೇಳಬೇಕೆಂದಿದ್ದೂ ಅದೇ. ಪಾಸ್ಟರು ನಮ್ಮೂರಿನ ಕತೆಯನ್ನೆಲ್ಲ ಕೇಳಿಸಿಕೊಂಡರು. ನಾನೊಂದಿಷ್ಟು, ಮೇಷ್ಟ್ರೊಂದಿಷ್ಟು ಹೇಳಿದೆವು, ಒಬ್ಬರ ಮುಖ ಒಬ್ಬರು ನೋಡದೆ. ಎಲ್ಲ ಆದ ಮೇಲೆ ಅವರು ಒಂದೇ ಮಾತು ಕೇಳಿದರು.

“ಎರಡು ಹೊತ್ತಿಗೂ ಬರದೇ ಇರೋರು ಯಾರವರೆ?”

ಇಬ್ಬರೂ ಒಟ್ಟಿಗೇ ಚಿನ್ನಪ್ಪ ಎಂದೆವು. ಚಿನ್ನಪ್ಪ ನಮ್ಮ ಸಭೆಯ ಹಳಬ. ಸಕ್ಕರೆ ಕಾಯಿಲೆ ಬಂದು ಮಳೆಗಾಲಕ್ಕೆ ಮುಂಚೆ ಅವನ ಒಂದು ಕಾಲು ತೆಗೆದಿದ್ದರು.

ಯಾರು ಹೋಗಿ ನೋಡಿಕೊಂಡು ಬರುತ್ತಿದ್ದೀರಿ ಎಂದು ಪಾಸ್ಟರು ಕೇಳಿದರು. ಅವನು ಬರುತ್ತಿದ್ದುದು ಒಂಬತ್ತಕ್ಕೆ, ಮೇಷ್ಟ್ರ ಕಡೆಯವರು ಹೋಗುತ್ತಿರಬೇಕು ಎಂದೆ. ಅವನ ತಂಗಿ ಹನ್ನೊಂದರವಳು, ಇವರ ಕಡೆಯವರು ಹೋಗುತ್ತಿದ್ದಾರೆ ಅಂತಲೇ ನಾವಿದ್ದೆವು ಎಂದರು ಮೇಷ್ಟ್ರು. ಆಗ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಹೋಗಿರಲಿಲ್ಲ.

ಪಾಸ್ಟರು ಗದರಲಿಲ್ಲ. ಗದರಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. “ನಾನು ಬರೋದು ಆಮೇಲಿನ ಮಾತು ಕಣಮ್ಮ” ಎಂದರು. “ಹಿರಿಯರು ಅಂತ ಇರೋದು ಮೊದಲು ಇದಕ್ಕೆ. ಗಂಟೆ ಬಾರ್ಸೋಕೆ ಯಾರಾದ್ರೂ ಸಿಗ್ತಾರೆ. ಚಿನ್ನಪ್ಪನ ಮನೆಗೆ ಒಟ್ಟಿಗೆ ಓಗಿ, ಅಲ್ಲಿಂದ್ಲೇ ನಂಗೆ ಫೋನ್ ಮಾಡಿ.”

“ಇಲ್ಗೆ ಒಟ್ಟಿಗೇ ಬಂದಿದ್ದೀವಲ್ಲ” ಎಂದರು ಮೇಷ್ಟ್ರು.

“ಒಂದೇ ಬಸ್ಸಲ್ಲಿ ಬಂದಿದ್ದೀರಿ, ಮೇಷ್ಟ್ರೇ.”

ಬಸ್ ಸ್ಟಾಪಿನವರೆಗೂ ನನಗೆ ಸಿಟ್ಟಿತ್ತು. ನೋಡಲು ಹೋದವರು ನಾವು, ನೋಡಿಸಿಕೊಂಡು ಬಂದವರೂ ನಾವೇ. ಬಸ್ಸು ಬಂತು. ಮೇಷ್ಟ್ರು ಹಿಂದಕ್ಕೆ ಹೊರಟರು. ನಾನು ಸೀಟಿನ ಮೇಲಿದ್ದ ಚೀಲ ಎತ್ತಿಕೊಂಡು, “ಕುಂತ್ಕೋ ದೇವರಾಜ” ಎಂದೆ. ಕೂತ. ಕಂಡಕ್ಟರು ಒಟ್ಟಿಗೇನಾ ಎಂದ. ದೇವರಾಜ ಹೂಂ ಎಂದ.

ಹುಣಸೂರಿನಲ್ಲಿ ಅವನು ಇಳಿದು ಹೋಗಿ ದೊಡ್ಡ ಚಿಪ್ಪು ಬಾಳೆಹಣ್ಣು ತಂದ.

“ಇಷ್ಟು ವರ್ಸ ಮಕ್ಕಳಿಗೆ ಏನ್ ಪಾಠ ಹೇಳ್ದೆ ನೀನು” ಎಂದೆ. “ಸಕ್ಕರೆ ಕಾಯಿಲೆಯೋನಿಗೆ ಬಾಳೆಹಣ್ಣಾ?”

“ಅತ್ತೆ, ಅಂಗಡಿಯೋನು ವಾಪಸ್ ತಗೊಳ್ಳಲ್ಲ.”

ವರ್ಷದ ಮೇಲೆ ಅತ್ತೆ ಅಂದಿದ್ದ. ನಾನು ಕೇಳಿಸದವಳ ಹಾಗೆ ಹೋಗಿ ಸೀಬೆಕಾಯಿ ತಂದೆ. ಬಾಳೆಹಣ್ಣನ್ನು ಕೆ.ಆರ್. ನಗರ ಬರುವವರೆಗೆ ನಾವೇ ತಿಂದೆವು.

ಚಿನ್ನಪ್ಪನ ಮನೆ ನಮ್ಮೂರಿಗೆ ಒಂದು ಸ್ಟಾಪ್ ಹಿಂದೆ. ಇಳಿಯುವಾಗ ಕತ್ತಲಾಗುತ್ತಿತ್ತು. ಬಾಗಿಲು ಅರ್ಧ ಹಾಕಿತ್ತು. ಕೂಗಿದೆ. ಚಿನ್ನಪ್ಪ ಮಂಚದ ಮೇಲಿಂದಲೇ ಕೇಳಿದ.

“ಯಾರು? ಒಂಬತ್ತರೋರಾ, ಅನ್ನೊಂದರೋರಾ?”

ದೇವರಾಜ ತಲೆ ತಗ್ಗಿಸಿದ. ನಾನು ಬಾಗಿಲು ತಳ್ಳಿದೆ. “ಏಳು ಗಂಟೆಯೋರು ಕಣಪ್ಪ. ತಡ ಆಯ್ತು, ಬುಡು.”

ಅವನು ನಗಲಿಲ್ಲ. ಕೂತುಕೊಳ್ಳಿ ಅನ್ನಲೂ ಇಲ್ಲ. ನಾವೇ ಕೂತೆವು. ಬಹಳ ಹೊತ್ತಿನ ಮೇಲೆ ಸೀಬೆಕಾಯಿ ಕಚ್ಚಿ, ಕಾಯಿ ಚೆನ್ನಾಗಿದೆ ಎಂದ. ಆಮೇಲೆ ಮಾತು ಬಂತು, ಕಣ್ಣೀರೂ ಬಂತು, ಬೈಗುಳವೂ ಬಂತು. ಎಲ್ಲವನ್ನೂ ಕೇಳಿಸಿಕೊಂಡೆವು. ಪಾಸ್ಟರು ಹೇಳಿದ್ದ ಹಾಗೆ ದೇವರಾಜ ಅಲ್ಲಿಂದಲೇ ಅವರಿಗೆ ಫೋನ್ ಮಾಡಿದ. ಅವರು, ಬರುತ್ತೇನೆ, ಆರಾಧನೆ ಎಷ್ಟು ಹೊತ್ತಿಗೆಂದು ಚಿನ್ನಪ್ಪನನ್ನೇ ಕೇಳಿ ಎಂದರು.

ಚಿನ್ನಪ್ಪ ಯೋಚಿಸಿ ಹೇಳಿದ, ಮಗ ಆಟೋದಲ್ಲಿ ಬೆಳಗಿನ ಬಾಡಿಗೆ ಮುಗಿಸಿ ಬರುವುದು ಹತ್ತಕ್ಕೆ, ಅವನು ಎತ್ತಿ ಕೂರಿಸಿಕೊಂಡು ಬಂದರೆ ಹತ್ತೂವರೆ ಎಂದು. ಹತ್ತೂವರೆ ನಮ್ಮ ಕಡೆಯವರಿಗೂ ಹೊಂದುವುದಿಲ್ಲ, ದೇವರಾಜನ ಕಡೆಯವರಿಗೂ ಹೊಂದುವುದಿಲ್ಲ. ಆದರೂ ಅದನ್ನೇ ಇಟ್ಟೆವು. ಎರಡೂ ಕಡೆಯವರು ನಮ್ಮಿಬ್ಬರನ್ನೂ ಬೈದರು, ಬೈದುಕೊಂಡೇ ಬಂದರು. ಹೊಸ ಪಾಸ್ಟರು ಬರುವುದು ಮುಂದಿನ ತಿಂಗಳು. ಅಷ್ಟರವರೆಗೆ ಗಂಟೆಯ ಹಗ್ಗ ಹಿಡಿಯುವವನು ದೇವರಾಜ. ಅವನೀಗ ಗಡಿಯಾರ ನೋಡುವುದಿಲ್ಲ. ರಸ್ತೆಯ ತಿರುವಿಗೆ ಕಿವಿ ಕೊಟ್ಟು ನಿಂತಿರುತ್ತಾನೆ, ಆಟೋ ಸದ್ದಿಗೆ.